ಸಣ್ಣ ಗುದ್ದಿಗೆ ಕ್ಲೇಮ್ ಮಾಡಬೇಕಾ? ಹಳೇ ಕ್ಲೇಮ್ ಹೇಳದೇ ಇದ್ದರೆ ಏನಾಗುತ್ತದೆ?

ಬಿಳಿಕಾರು ಮಾಲಕಿ

ಎಲ್ಲರಿಗೂ ನಮಸ್ಕಾರ. ಮೊನ್ನೆ ಶನಿವಾರ ನೆಲಮಾಳಿಗೆಯ ಪಾರ್ಕಿಂಗ್‌ನಲ್ಲಿ ಕಾರು ರಿವರ್ಸ್ ತೆಗೆಯುವಾಗ ಕಂಬಕ್ಕೆ ಗುದ್ದಿದೆ. ಸದ್ದು ಕೇಳಿ ಎದೆ ಧಸಕ್ ಎಂದಿತು. ಇಳಿದು ನೋಡಿದರೆ ಹಿಂದಿನ ಬಂಪರ್ ಎಡಗಡೆ ಒಂದು ಗೇಣು ಉದ್ದ ಸೀಳಿದೆ, ಟೇಲ್ ಲ್ಯಾಂಪ್ ಒಡೆದಿದೆ, ಕಂಬದ ಹಳದಿ ಬಣ್ಣ ಬಂಪರ್‌ಗೆ ಮೆತ್ತಿಕೊಂಡಿದೆ. ಯಾರಿಗೂ ಪೆಟ್ಟಾಗಿಲ್ಲ, ಬೇರೆ ಗಾಡಿಗೂ ತಗುಲಿಲ್ಲ.

ಸಮಸ್ಯೆ ಏನೆಂದರೆ ನಾಲ್ಕು ವರ್ಷದಿಂದ ಒಂದೂ ಕ್ಲೇಮ್ ಮಾಡಿಲ್ಲ. ಈಗಿನ ಪಾಲಿಸಿಯಲ್ಲಿ ಎನ್‌ಸಿಬಿ, ಅಂದರೆ ಕ್ಲೇಮ್ ಮಾಡದ ವರ್ಷಗಳಿಗೆ ಪ್ರೀಮಿಯಂನಲ್ಲಿ ಸಿಗುವ ರಿಯಾಯಿತಿ, 45% ಇದೆ. ರಿನ್ಯೂವಲ್‌ಗೆ ಇನ್ನು ಆರು ವಾರ. ಗ್ಯಾರೇಜ್‌ನವರು "ಇನ್ಶೂರೆನ್ಸ್ ಇರೋದು ಯಾಕೆ ಮೇಡಂ, ಹಾಕಿಬಿಡಿ" ಎಂದರು. ಪರಿಚಯದ ಏಜೆಂಟ್ ಒಬ್ಬರು ಇನ್ನೂ ಒಂದು ಹೆಜ್ಜೆ ಮುಂದೆ ಹೋದರು. ಕ್ಲೇಮ್ ಮಾಡಿ, ರಿಪೇರಿ ಮಾಡಿಸಿಕೊಳ್ಳಿ, ರಿನ್ಯೂವಲ್ ಸಮಯಕ್ಕೆ ಬೇರೆ ಕಂಪನಿಗೆ ಹೋಗಿ, ಫಾರಂನಲ್ಲಿ "ಕಳೆದ ವರ್ಷ ಕ್ಲೇಮ್ ಇಲ್ಲ" ಎಂದು ಟಿಕ್ ಮಾಡಿ, ಯಾರೂ ನೋಡುವುದಿಲ್ಲ ಅಂತ.

ಇದು ಸರಿ ಅನಿಸಲಿಲ್ಲ. ಆದರೆ ತಪ್ಪು ಎಂದು ವಾದ ಮಾಡುವಷ್ಟು ವಿಷಯವೂ ಗೊತ್ತಿಲ್ಲ. ತಿಳಿದವರು ಹೇಳಿ.

ಹಳೇ ಸರ್ವೇಯರ್

ಮೊದಲ ಮಾತು. ಆ ಏಜೆಂಟ್ ಹೇಳಿದ್ದನ್ನು ಮಾಡಬೇಡಿ ತಾಯಿ. ಇಪ್ಪತ್ತು ವರ್ಷಕ್ಕೂ ಜಾಸ್ತಿ ಕಾಲ ಗುದ್ದಿದ ಗಾಡಿಗಳನ್ನು ನೋಡುತ್ತಾ ಕಳೆದವನು ನಾನು. ಆ ಒಂದು ಟಿಕ್‌ನಿಂದ ಕೈ ಸುಟ್ಟುಕೊಂಡವರನ್ನು ಹತ್ತಿರದಿಂದ ಕಂಡಿದ್ದೇನೆ.

ನಿಮ್ಮ ಮುಂದೆ ಇರುವುದು ಎರಡು ಬೇರೆ ಬೇರೆ ಪ್ರಶ್ನೆ. ಕ್ಲೇಮ್ ಮಾಡಬೇಕೋ ಬೇಡವೋ ಎನ್ನುವುದು ಬರೀ ಲೆಕ್ಕ. ಬೇಡ ಎಂದರೆ ಯಾರೂ ಕೇಳುವುದಿಲ್ಲ, ಅದು ನಿಮ್ಮ ಇಷ್ಟ. ಕೇಳಿದ ಪ್ರಶ್ನೆಗೆ ಸುಳ್ಳು ಉತ್ತರ ಕೊಡಬಹುದೋ ಎನ್ನುವುದು ಇನ್ನೊಂದು. ಅದರಲ್ಲಿ ಇಷ್ಟ ಎನ್ನುವುದು ಇಲ್ಲ. ಜನ ಈ ಎರಡನ್ನೂ ಸೇರಿಸಿ ಕಲಸುಮೇಲೋಗರ ಮಾಡಿಕೊಳ್ಳುತ್ತಾರೆ.

ಭಾರತದ ನಿಯಮ ಹೇಳುತ್ತೇನೆ. ಕ್ಲೇಮ್ ಇಲ್ಲದ ಮೊದಲ ವರ್ಷಕ್ಕೆ 20%, ಎರಡಕ್ಕೆ 25, ಮೂರಕ್ಕೆ 35, ನಾಲ್ಕಕ್ಕೆ 45, ಐದಕ್ಕೆ 50. ಅಲ್ಲಿಂದ ಮೇಲೆ ಹೋಗುವುದಿಲ್ಲ. ಈ ರಿಯಾಯಿತಿ ಓನ್ ಡ್ಯಾಮೇಜ್ (ನಮ್ಮ ಗಾಡಿಗೆ ಆದ ನಷ್ಟ, ಚಿಕ್ಕದಾಗಿ ಓಡಿ) ಭಾಗಕ್ಕೆ ಮಾತ್ರ, ಥರ್ಡ್ ಪಾರ್ಟಿ (ಬೇರೆಯವರಿಗೆ ಆದ ನಷ್ಟ) ಪ್ರೀಮಿಯಂಗೆ ಸಂಬಂಧ ಇಲ್ಲ. ಒಂದು ಕ್ಲೇಮ್ ಆದರೆ ಸೀದಾ ಸೊನ್ನೆ. ಹಾವು ಏಣಿ ಆಟದ ಹಾಗೆ, ಹಾವು ಬಾಯಿ ಹಾಕಿದರೆ ಕೆಳಗಿನ ಮನೆಗೇ ಬರಬೇಕು.

ಲೆಕ್ಕದ ಮೇಷ್ಟ್ರು

ಸರ್ ಹೇಳಿದ ಮೆಟ್ಟಿಲುಗಳನ್ನು ಇಟ್ಟುಕೊಂಡು ಲೆಕ್ಕ ಹಾಕೋಣ. ಎಲ್ಲರೂ ಮಾಡುವ ತಪ್ಪು ಎಂದರೆ ಬರುವ ವರ್ಷದ ಪ್ರೀಮಿಯಂ ಎಷ್ಟು ಏರುತ್ತದೆ ಎಂದು ಮಾತ್ರ ನೋಡುವುದು. ಪೆಟ್ಟು ಒಂದು ವರ್ಷಕ್ಕೆ ಮುಗಿಯುವುದಿಲ್ಲ.

ರಿಯಾಯಿತಿಗೆ ಮೊದಲಿನ ಓನ್ ಡ್ಯಾಮೇಜ್ ಪ್ರೀಮಿಯಂ 100 ಎಂದು ಇಟ್ಟುಕೊಳ್ಳಿ. ಮೇಡಂ ಕ್ಲೇಮ್ ಮಾಡದಿದ್ದರೆ ಮುಂದಿನ ವರ್ಷ 50, ಆಮೇಲೂ ಪ್ರತಿ ವರ್ಷ 50. ಕ್ಲೇಮ್ ಮಾಡಿದರೆ ಮುಂದಿನ ವರ್ಷ 100, ಆಮೇಲೆ 80, 75, 65, 55, ಕೊನೆಗೆ ಮತ್ತೆ 50. ವರ್ಷ ವರ್ಷದ ವ್ಯತ್ಯಾಸ 50, 30, 25, 15, 5. ಕೂಡಿದರೆ 125.

ಅಂದರೆ ಈ ಒಂದು ಕ್ಲೇಮ್‌ಗೆ ಐದು ವರ್ಷದಲ್ಲಿ ನೀವು ವಾಪಸ್ ಕಟ್ಟುವ ಹಣ, ಒಂದು ವರ್ಷದ ಪೂರ್ತಿ ಓನ್ ಡ್ಯಾಮೇಜ್ ಪ್ರೀಮಿಯಂಗಿಂತ ಕಾಲು ಭಾಗ ಜಾಸ್ತಿ. ಕಂಪನಿಯಿಂದ ಕೈಗೆ ಬರುವ ಹಣ ಅದಕ್ಕಿಂತ ಕಡಿಮೆ ಇದ್ದರೆ ಕ್ಲೇಮ್ ಮಾಡುವುದು ನಷ್ಟ.

ಎಲ್ಲರಿಗೂ 125 ಅಲ್ಲ. ಹೊಸ ಕಾರಿನ ಮೊದಲ ವರ್ಷವೇ ಗುದ್ದಿದರೆ ಕಳೆದುಕೊಳ್ಳುವುದು ಒಟ್ಟು 50 ಮಾತ್ರ. ಈಗ 20% ಇರುವವರಿಗೆ 80, 25% ಇರುವವರಿಗೆ 105, 35% ಇರುವವರಿಗೆ 120. ಏಣಿಯ ಮೇಲೆ ಇದ್ದಷ್ಟೂ ಬಿದ್ದಾಗ ಪೆಟ್ಟು ಜಾಸ್ತಿ, ಆದರೆ 35ರ ನಂತರ ಹೆಚ್ಚು ವ್ಯತ್ಯಾಸ ಇಲ್ಲ, ಇದು ಲೆಕ್ಕ ಹಾಕುವವರೆಗೂ ನನಗೂ ಗೊತ್ತಿರಲಿಲ್ಲ.

ಗ್ಯಾರೇಜ್ ಹುಡುಗ

ಮೇಷ್ಟ್ರೇ ಒಂದು ಸಣ್ಣ ತಿದ್ದುಪಡಿ. ಕಾರು ಹಳೆಯದಾದಂತೆ ಐಡಿವಿ, ಅಂದರೆ ಪಾಲಿಸಿಯಲ್ಲಿ ಬರೆದ ಕಾರಿನ ಬೆಲೆ, ಇಳಿಯುತ್ತದೆ. ಐಡಿವಿ ಇಳಿದರೆ ಓಡಿ ಪ್ರೀಮಿಯಂ ಕೂಡ ಸ್ವಲ್ಪ ಸ್ವಲ್ಪ ಇಳಿಯುತ್ತದೆ. ಹಾಗಾಗಿ 125 ಅನ್ನುವುದು ನಿಜವಾಗಿ ಅದಕ್ಕಿಂತ ತುಸು ಕಡಿಮೆ ಬರುತ್ತದೆ.

ಲೆಕ್ಕದ ಮೇಷ್ಟ್ರು

ಸರಿಯಾಗಿ ಹಿಡಿದೆ ತಮ್ಮ. ಒಪ್ಪಿದೆ. ಆದರೂ ಸಣ್ಣ ರಿಪೇರಿಗೆ ತೀರ್ಮಾನ ಬದಲಾಗುವಷ್ಟು ವ್ಯತ್ಯಾಸ ಅಲ್ಲ. ನಡುವೆ ಇನ್ನೊಂದು ಕ್ಲೇಮ್ ಆದರೆ ಲೆಕ್ಕ ಪೂರ್ತಿ ಬೇರೆ, ಅದನ್ನು ಮೊದಲೇ ಊಹಿಸಲು ಆಗುವುದಿಲ್ಲ.

ನೊಂದ ಗ್ರಾಹಕ

ಎಲ್ಲರೂ ಸತ್ಯ ಹೇಳಿ ಸತ್ಯ ಹೇಳಿ ಎನ್ನುತ್ತೀರಿ. ಸತ್ಯ ಹೇಳಿದ್ದಕ್ಕೆ ನನಗೆ ಏನಾಯಿತು ಕೇಳಿ. ಬಾಗಿಲಿಗೆ ಯಾರೋ ಗೀರಿ ಹೋಗಿದ್ದರು. ಕಂಪನಿಗೆ ಫೋನ್ ಮಾಡಿ "ಇದಕ್ಕೆ ಕ್ಲೇಮ್ ಬರುತ್ತದಾ, ಎಷ್ಟು ಕಡಿತ ಆಗುತ್ತದೆ" ಎಂದು ಬರೀ ವಿಚಾರಿಸಿದೆ. ಆ ಕಡೆಯ ಹುಡುಗಿ ಗಾಡಿ ನಂಬರ್ ಕೇಳಿದಳು, ದಿನಾಂಕ ಕೇಳಿದಳು, ಎಲ್ಲಿ ಆಯಿತು ಕೇಳಿದಳು, ನಾನೂ ಒಳ್ಳೆಯ ಮನಸ್ಸಿನಿಂದ ಎಲ್ಲ ಹೇಳಿದೆ. ಹತ್ತು ನಿಮಿಷಕ್ಕೆ ಕ್ಲೇಮ್ ನಂಬರ್ ಮೆಸೇಜ್ ಬಂತು! ನಾನು ರಿಪೇರಿ ಮಾಡಿಸಲೂ ಇಲ್ಲ, ಒಂದು ಕಾಸು ತೆಗೆದುಕೊಂಡಿಲ್ಲ. ರಿನ್ಯೂವಲ್ ನೋಟೀಸ್ ಬಂದಾಗ ನೋಡಿದರೆ ಎನ್‌ಸಿಬಿ ಸೊನ್ನೆ. ಎರಡು ತಿಂಗಳು ಮೇಲ್ ಮೇಲೆ ಮೇಲ್ ಹಾಕಿ ಸರಿ ಮಾಡಿಸಿಕೊಂಡೆ. ಬಾಯಿ ಬಿಟ್ಟವನಿಗೇ ಶಿಕ್ಷೆ ಅಲ್ವಾ ಇದು?

ಹಳೇ ಸರ್ವೇಯರ್

ನಿಮ್ಮ ಸಿಟ್ಟು ನ್ಯಾಯವಾದದ್ದೇ. ಹಣವೇ ಪಾವತಿ ಆಗದ ಮೇಲೆ ಎನ್‌ಸಿಬಿ ತೆಗೆದದ್ದು ತಪ್ಪು, ಅದಕ್ಕೇ ಕೊನೆಗೆ ವಾಪಸ್ ಕೊಟ್ಟರು. ಬೇರೆಯವರಿಗೂ ಅನುಕೂಲ ಆಗಲಿ ಎಂದು ಹೇಳುತ್ತೇನೆ. ಬರೀ ವಿಚಾರಿಸುವುದಿದ್ದರೆ ಪಾಲಿಸಿಯ ಕಾಗದ ಓದಿ, ಅಥವಾ ಗಾಡಿ ನಂಬರ್ ಕೊಡದೆ ಕೇಳಿ. ಕ್ಲೇಮ್ ನಂಬರ್ ಹುಟ್ಟಿಬಿಟ್ಟರೆ ಸುಮ್ನೆ ಬಿಟ್ಟುಬಿಡಬೇಡಿ. "ಈ ಕ್ಲೇಮ್ ವಾಪಸ್ ತೆಗೆದುಕೊಳ್ಳುತ್ತಿದ್ದೇನೆ, ಯಾವ ಹಣವನ್ನೂ ಪಡೆದಿಲ್ಲ" ಎಂದು ಮೇಲ್‌ನಲ್ಲಿ ಬರೆದು, ಮುಚ್ಚಿದ್ದಾರೆ ಎಂಬ ಉತ್ತರ ತರಿಸಿಕೊಂಡು ಇಟ್ಟುಕೊಳ್ಳಿ. ರಿನ್ಯೂವಲ್ ನೋಟೀಸ್ ಬಂದ ದಿನವೇ ಎನ್‌ಸಿಬಿ ಇರುವ ಸಾಲು ನೋಡಿ, ಕೊನೇ ದಿನದವರೆಗೆ ಕಾಯಬೇಡಿ.

ಆದರೆ ನಿಮ್ಮ ಕಥೆಯಿಂದ "ಹೇಳಲೇಬಾರದು" ಎಂಬ ಪಾಠ ಯಾರೂ ತೆಗೆದುಕೊಳ್ಳಬಾರದು. ನಾನು ಕಂಡ ಇನ್ನೊಂದು ಕಥೆ ಹೇಳುತ್ತೇನೆ.

ಒಬ್ಬ ವ್ಯಾಪಾರಸ್ಥರು. ಹಿಂದಿನ ವರ್ಷ ಮುಂದಿನ ಗ್ರಿಲ್‌ಗೆ ಒಂದು ಸಣ್ಣ ಕ್ಲೇಮ್ ತೆಗೆದುಕೊಂಡಿದ್ದರು. ಕಂಪನಿ ಬದಲಿಸುವಾಗ ಅದನ್ನು ಹೇಳಲಿಲ್ಲ. 50% ಎನ್‌ಸಿಬಿ ಇದೆ ಎಂದು ಸಹಿ ಹಾಕಿದರು. ಏಳು ತಿಂಗಳ ನಂತರ ರಾತ್ರಿ ನಿಂತಿದ್ದ ಲಾರಿಯ ಹಿಂಭಾಗಕ್ಕೆ ಕಾರು ನುಗ್ಗಿತು. ಜೀವಕ್ಕೆ ಏನೂ ಆಗಲಿಲ್ಲ, ದೇವರು ದೊಡ್ಡವನು. ಇಂಜಿನ್ ಹಿಂದಕ್ಕೆ ಸರಿದು ಡ್ಯಾಶ್‌ಬೋರ್ಡ್‌ಗೆ ಒತ್ತಿತ್ತು, ಎರಡೂ ಏರ್‌ಬ್ಯಾಗ್ ಜೋತಾಡುತ್ತಿದ್ದವು. ನಾನು ಗಾಡಿ ನೋಡಿ ನಷ್ಟದ ವರದಿ ಬರೆದೆ, ಅಪಘಾತ ನಿಜ, ದಾಖಲೆ ಸರಿ, ಲೈಸೆನ್ಸ್ ಸರಿ. ಹೊಸ ಕಂಪನಿ ಹಳೆಯ ಕಂಪನಿಗೆ ಒಂದು ಪತ್ರ ಹಾಕಿತು. ಉತ್ತರ ಬಂತು, ಕ್ಲೇಮ್ ಆಗಿದೆ ಎಂದು. ಓನ್ ಡ್ಯಾಮೇಜ್ ಪೂರ್ತಿ ನಿರಾಕರಣೆ. ಆ ಮನುಷ್ಯ ಗ್ಯಾರೇಜ್‌ನಲ್ಲಿ ತಲೆ ಮೇಲೆ ಕೈ ಹೊತ್ತು ಕೂತಿದ್ದು ಇನ್ನೂ ಕಣ್ಣಿಗೆ ಕಟ್ಟಿದಂತಿದೆ. ಉಳಿಸಿದ್ದು ಒಂದು ವರ್ಷದ ಅರ್ಧ ಪ್ರೀಮಿಯಂ. ಕಳೆದುಕೊಂಡದ್ದು ಇಡೀ ಕಾರು.

ಎನ್‌ಸಿಬಿ ಪಡೆಯುವಾಗ ನಾವು ಸಹಿ ಹಾಕುವ ಘೋಷಣೆಯಲ್ಲೇ ಇದು ಇರುತ್ತದೆ. ಈ ಮಾಹಿತಿ ತಪ್ಪು ಎಂದು ಕಂಡುಬಂದರೆ ಓನ್ ಡ್ಯಾಮೇಜ್ ಭಾಗದ ಎಲ್ಲ ಸೌಲಭ್ಯ ರದ್ದು ಎಂದು. ಓದದೆ ಸಹಿ ಹಾಕುತ್ತೇವೆ ಅಷ್ಟೇ.

ನೊಂದ ಗ್ರಾಹಕ

ಪತ್ರ ಹಾಕಿ ಕೇಳುವುದಾದರೆ ಪಾಲಿಸಿ ಕೊಡುವಾಗಲೇ ಕೇಳಬೇಕಿತ್ತು ಅಲ್ವಾ ಸರ್? ಹಣ ತೆಗೆದುಕೊಳ್ಳುವಾಗ ಕಣ್ಣು ಮುಚ್ಚಿಕೊಂಡು, ಕೊಡುವಾಗ ಭೂತಗನ್ನಡಿ ಹಿಡಿಯುವುದು ಯಾವ ನ್ಯಾಯ?

ಹಳೇ ಸರ್ವೇಯರ್

ಕೇಳಬೇಕಿತ್ತು. ಆಗಿನ ಮೋಟಾರ್ ಟ್ಯಾರಿಫ್ ಎಂಬ ವಾಹನ ವಿಮೆಯ ನಿಯಮಾವಳಿಯ 27ನೇ ನಿಯಮದಲ್ಲೇ ಇತ್ತು. ಘೋಷಣೆ ನಂಬಿ ಎನ್‌ಸಿಬಿ ಕೊಟ್ಟ ಕಂಪನಿ 21 ದಿನದ ಒಳಗೆ ಹಿಂದಿನ ಕಂಪನಿಗೆ ಬರೆಯಬೇಕಿತ್ತು, ಅವರು 30 ದಿನದೊಳಗೆ ಉತ್ತರಿಸಬೇಕಿತ್ತು. ಕಂಪನಿ ಅದನ್ನು ಮಾಡಲಿಲ್ಲ ಎಂದು ಗ್ರಾಹಕರ ಆಯೋಗದಲ್ಲಿ ವಾದ ಮಾಡಬಹುದು. ಆ ವ್ಯಾಪಾರಸ್ಥರೂ ಹೋದರು. ಆದರೆ ಕೇಸು ನಡೆಯುವಷ್ಟು ಕಾಲ ಗಾಡಿ ಗ್ಯಾರೇಜ್ ಅಂಗಳದಲ್ಲಿ ಮಳೆಗೆ ನೆನೆಯುತ್ತಾ ನಿಂತಿತ್ತು. ಅವರ ತಪ್ಪೂ ಇದೆ ಎಂದು ತೋರಿಸುವುದು ಒಂದು, ನಮ್ಮ ಹಣ ನಮಗೆ ಬೇಕಾದ ಸಮಯಕ್ಕೆ ಬರುವುದು ಇನ್ನೊಂದು.

ರಾತ್ರಿಪಾಳಿ

ನನ್ನ ಅನುಭವ ಬೇರೆ ಥರ. ನಾನು ಸುಳ್ಳು ಹೇಳಲೇ ಇಲ್ಲ, ಆದರೂ ಪಾಲಿಸಿಯಲ್ಲಿ ಸುಳ್ಳು ಇತ್ತು. ಪಾಳಿ ಮುಗಿಸಿ ಬಂದು ಬೆಳಗಿನ ಜಾವ ಫೋನ್‌ನಲ್ಲಿ ರಿನ್ಯೂವಲ್ ಮಾಡಿದೆ. ಕ್ಲೇಮ್ ಬಗ್ಗೆ ಕೇಳುವ ಪ್ರಶ್ನೆಗೆ "ಇಲ್ಲ" ಮೊದಲೇ ತುಂಬಿತ್ತು, ನಾನು ಕಣ್ಣುಜ್ಜಿಕೊಂಡು ಮುಂದೆ ಮುಂದೆ ಒತ್ತುತ್ತಾ ಹೋದೆ. ಹಣ ಕಟ್ಟಿಯಾದ ಮೇಲೆ ಪಾಲಿಸಿ ತೆರೆದು ನೋಡಿದರೆ 35% ಎನ್‌ಸಿಬಿ. ನಾನು ಆ ವರ್ಷ ಮಳೆಗಾಲದಲ್ಲಿ ಕ್ಲೇಮ್ ಮಾಡಿದ್ದೆ!

ಮಾರನೇ ದಿನ ಕಂಪನಿಗೆ ಬರೆದೆ. ಎನ್‌ಸಿಬಿ ವ್ಯತ್ಯಾಸದ ಹಣ ಕಟ್ಟಿಸಿಕೊಂಡು ಎಂಡಾರ್ಸ್‌ಮೆಂಟ್ (ಪಾಲಿಸಿ ತಿದ್ದಿದ ಪತ್ರ) ಕಳಿಸಿದರು. ಬೈಗುಳ ಇಲ್ಲ, ದಂಡ ಇಲ್ಲ. ಹಣ ಕಟ್ಟುವಾಗ ಹೊಟ್ಟೆ ಉರಿದದ್ದು ನಿಜ, ಆದರೆ ಆ ರಾತ್ರಿ ನೆಮ್ಮದಿಯಾಗಿ ನಿದ್ದೆ ಮಾಡಿದೆ.

ಹಳೇ ಸರ್ವೇಯರ್

ಇದು ತುಂಬಾ ಮುಖ್ಯ. ಅಪಘಾತ ಆಗುವ ಮೊದಲು ತಿದ್ದಿಕೊಂಡರೆ ಅದು ತಿದ್ದುಪಡಿ. ಆದ ಮೇಲೆ ಓಡಿ ಬಂದರೆ ಯಾರೂ ನಂಬುವುದಿಲ್ಲ. ಈ ಚರ್ಚೆ ಓದುತ್ತಿರುವವರು ಇವತ್ತೇ ತಮ್ಮ ಪಾಲಿಸಿ ತೆರೆದು ಆ ಸಾಲು ನೋಡಿ, ದಯವಿಟ್ಟು.

ಮಂಜುಮುಸುಕು

ನಾನು ಇರುವುದು ಬ್ರಿಟನ್‌ನಲ್ಲಿ. ಇಲ್ಲಿಯ ನಿಯಮ ಗೊತ್ತಿಲ್ಲದೆ ಬಂದ ನಮ್ಮವರು ಎಡವುವ ಜಾಗ ಒಂದಿದೆ, ಅದಕ್ಕೇ ಬರೆಯುತ್ತಿದ್ದೇನೆ.

ಭಾರತದಲ್ಲಿ ಪ್ರಶ್ನೆ "ಕ್ಲೇಮ್ ಮಾಡಿದ್ದೀರಾ" ಎಂದು. ಇಲ್ಲಿ ಸಾಮಾನ್ಯವಾಗಿ ಕೇಳುವುದು "ಕಳೆದ ಐದು ವರ್ಷದಲ್ಲಿ ಯಾವುದೇ ಅಪಘಾತ, ಕ್ಲೇಮ್ ಅಥವಾ ನಷ್ಟ ಆಗಿದೆಯಾ, ತಪ್ಪು ಯಾರದೇ ಆಗಿರಲಿ, ಕ್ಲೇಮ್ ಮಾಡಿರಲಿ ಬಿಡಲಿ" ಎಂದು. ಬಿಳಿಕಾರು ಮೇಡಂ ಇಲ್ಲಿ ಇದ್ದಿದ್ದರೆ, ಕೈಯಿಂದ ಹಣ ಹಾಕಿ ರಿಪೇರಿ ಮಾಡಿಸಿದರೂ, ಆ ಪ್ರಶ್ನೆಗೆ ಕಂಬದ ಕಥೆ ಹೇಳಲೇಬೇಕಿತ್ತು. ಕಂಪನಿಗಳೆಲ್ಲ ಹಂಚಿಕೊಳ್ಳುವ ಕ್ಯೂ ಎಂಬ ದಾಖಲೆ ಕೋಶ ಇದೆ. ಬರೀ ತಿಳಿಸಿದ, ಹಣ ಪಡೆಯದ ಘಟನೆಗಳೂ ಅದರಲ್ಲಿ ಕೂರುತ್ತವೆ.

ಇನ್ನೊಂದು ವಿಷಯ. ಇಲ್ಲಿ "ನಿಮ್ಮ ತಪ್ಪು" ಎಂಬ ಮಾತಿಗೆ ಬೇರೆಯೇ ಅರ್ಥ. ಕಂಪನಿ ತಾನು ಕೊಟ್ಟ ಹಣವನ್ನು ಬೇರೆಯವರಿಂದ ಪೂರ್ತಿ ವಸೂಲಿ ಮಾಡಲು ಆಗದಿದ್ದರೆ ಅದು ನಿಮ್ಮ ತಪ್ಪಿನ ಕ್ಲೇಮ್ ಎಂದೇ ದಾಖಲಾಗುತ್ತದೆ. ನಾನು ಮನೆಯಲ್ಲಿ ಮಲಗಿದ್ದಾಗ ಯಾರೋ ನಿಂತ ಕಾರಿಗೆ ಗುದ್ದಿ ಓಡಿಹೋದರು. ಕನ್ನಡಿ ಮುರಿದು ರಸ್ತೆಯಲ್ಲಿ ಬಿದ್ದಿತ್ತು, ಬಾಗಿಲು ಒಳಗೆ ತಗ್ಗಿತ್ತು. ಗುದ್ದಿದವನು ಸಿಗಲಿಲ್ಲ, ಆದ್ದರಿಂದ ತಪ್ಪು ನನ್ನದು! ಅವತ್ತು ಅಳು ಬಂದಿತ್ತು. ಇದು ನೈತಿಕ ತೀರ್ಪಲ್ಲ, ಬರೀ ಜಮಾಖರ್ಚಿನ ಪದ ಎಂದು ಅರ್ಥ ಮಾಡಿಕೊಳ್ಳಲು ಸುಮಾರು ದಿನ ಬೇಕಾಯಿತು.

ಬಿಳಿಕಾರು ಮಾಲಕಿ

ಅಲ್ಲಿ ಹೇಳದೇ ಇದ್ದರೆ ಏನು ಮಾಡುತ್ತಾರೆ? ಪೂರ್ತಿ ಕ್ಲೇಮ್ ತಳ್ಳಿಹಾಕುತ್ತಾರಾ?

ಮಂಜುಮುಸುಕು

ಇಲ್ಲಿ 2012ರಲ್ಲಿ ಒಂದು ಕಾನೂನು ಬಂತು, 2013ರ ಏಪ್ರಿಲ್‌ನಿಂದ ಜಾರಿ. ಅದಕ್ಕೆ ಮೊದಲು ಕೇಳದಿದ್ದರೂ ನಾವಾಗಿಯೇ ಎಲ್ಲ ಹೇಳಬೇಕಿತ್ತು. ಈಗ ಸಾಮಾನ್ಯ ಗ್ರಾಹಕರ ಕೆಲಸ ಇಷ್ಟೇ: ಕೇಳಿದ್ದಕ್ಕೆ ತಕ್ಕಷ್ಟು ಎಚ್ಚರಿಕೆಯಿಂದ, ತಪ್ಪಿಲ್ಲದೆ ಉತ್ತರಿಸುವುದು.

ಎಚ್ಚರ ತಪ್ಪಿ ಹೇಳಿದ ತಪ್ಪು, ಬೇಕೆಂದೇ ಹೇಳಿದ ಸುಳ್ಳು, ಎರಡನ್ನೂ ಬೇರೆ ಮಾಡುತ್ತಾರೆ. ಎಚ್ಚರ ತಪ್ಪಿದ್ದಾದರೆ, ಸರಿಯಾಗಿ ಹೇಳಿದ್ದರೆ ಎಷ್ಟು ಪ್ರೀಮಿಯಂ ಹಾಕುತ್ತಿದ್ದರೋ ಅದನ್ನು ನೋಡಿ ಆ ಪ್ರಮಾಣದಲ್ಲಿ ಹಣ ಕೊಡುತ್ತಾರೆ. 100 ಕಟ್ಟಬೇಕಿದ್ದ ಜಾಗದಲ್ಲಿ 60 ಕಟ್ಟಿದ್ದರೆ ಕ್ಲೇಮ್‌ನ 60% ಮಾತ್ರ. ಸತ್ಯ ಗೊತ್ತಿದ್ದರೆ ಪಾಲಿಸಿಯನ್ನೇ ಕೊಡುತ್ತಿರಲಿಲ್ಲ ಎಂದಾದರೆ ಪ್ರೀಮಿಯಂ ವಾಪಸ್ ಕೊಟ್ಟು ಕೈ ತೊಳೆದುಕೊಳ್ಳಬಹುದು. ಬೇಕೆಂದೇ ಸುಳ್ಳು ಹೇಳಿದ್ದರೆ ಕ್ಲೇಮೂ ಇಲ್ಲ, ಪ್ರೀಮಿಯಂ ಇಟ್ಟುಕೊಳ್ಳುವ ಹಕ್ಕೂ ಅವರಿಗಿದೆ. ನನಗೆ ಈ ಪ್ರಮಾಣದ ದಾರಿ ನ್ಯಾಯ ಅನಿಸುತ್ತದೆ. ಎಲ್ಲ ಕಡೆ ಹೀಗೆ ಇರಬೇಕಿತ್ತು.

ಲೆಕ್ಕದ ಮೇಷ್ಟ್ರು

ಈ ವಿಷಯದ ಬೇರು ಬಹಳ ಹಳೆಯದು. 1766ರಲ್ಲಿ ಲಾರ್ಡ್ ಮ್ಯಾನ್ಸ್‌ಫೀಲ್ಡ್ ಎಂಬ ಇಂಗ್ಲಿಷ್ ನ್ಯಾಯಾಧೀಶರು ಕಾರ್ಟರ್ ವಿರುದ್ಧ ಬೋಮ್ ಎಂಬ ಕೇಸಿನಲ್ಲಿ ಕೊಟ್ಟ ತೀರ್ಪು. ಸುಮಾತ್ರಾ ದ್ವೀಪದ ಒಂದು ಕೋಟೆಯನ್ನು ವಿದೇಶಿ ಶತ್ರುಗಳು ಹಿಡಿದರೆ ಹಣ ಕೊಡಬೇಕು ಎಂಬ ವಿಮೆ. ಫ್ರೆಂಚರು ನಿಜವಾಗಿಯೂ ಹಿಡಿದರು. ಕೋಟೆ ದುರ್ಬಲ ಎಂದು ಮುಂಚೆ ಹೇಳಲಿಲ್ಲ ಅಂತ ವಿಮೆ ಕೊಟ್ಟವನ ತಕರಾರು. ವಿಶೇಷ ಸಂಗತಿಗಳು ವಿಮೆ ಮಾಡಿಸುವವನಿಗೆ ಮಾತ್ರ ಗೊತ್ತಿರುತ್ತವೆ, ಅವನ್ನು ಬಚ್ಚಿಡಬಾರದು ಎಂಬ ತತ್ವವನ್ನು ಎಲ್ಲರೂ ಈ ತೀರ್ಪಿನಿಂದಲೇ ಎತ್ತಿ ಹೇಳುತ್ತಾರೆ. ಆದರೆ ಗೆದ್ದದ್ದು ವಿಮೆ ಮಾಡಿಸಿದವನು! ಕೋಟೆಯ ಸ್ಥಿತಿ, ಯುದ್ಧದ ಅಪಾಯ ಇವನ್ನೆಲ್ಲ ವಿಮೆ ಕೊಡುವವನೂ ತಿಳಿಯಬಹುದಿತ್ತು ಎಂದು ನ್ಯಾಯಾಧೀಶರು ಹೇಳಿದರು. ನೊಂದ ಗ್ರಾಹಕರು ಕೇಳಿದ ಪ್ರಶ್ನೆ ಇನ್ನೂರೈವತ್ತು ವರ್ಷ ಹಳೆಯದು ಎಂದು ಹೇಳಲು ಇದನ್ನು ಬರೆದೆ.

ಎಡಗಡೆ ಸ್ಟೀರಿಂಗ್

ಫ್ರಾನ್ಸ್‌ನಿಂದ ನಾನೊಬ್ಬ. ಇಲ್ಲಿ ಲೆಕ್ಕ ಗುಣಾಕಾರದಲ್ಲಿ. ಮೂಲ ಪ್ರೀಮಿಯಂ ಅನ್ನು ಗುಣಿಸುವ ಒಂದು ಅಂಕಿ ಇದೆ, ಎಲ್ಲರೂ 1ರಿಂದ ಶುರು. ತಪ್ಪಿಲ್ಲದ ಪ್ರತಿ ವರ್ಷಕ್ಕೆ 0.95ರಿಂದ ಗುಣಿಸುತ್ತಾರೆ. ನಮ್ಮದೇ ತಪ್ಪಿನ ಅಪಘಾತ ಆದರೆ 1.25ರಿಂದ, ಅರ್ಧ ತಪ್ಪು ಆದರೆ 1.125ರಿಂದ. ಕೆಳಗಿನ ಮಿತಿ 0.50, ಅಲ್ಲಿಗೆ ತಲುಪಲು 13 ವರ್ಷ ಬೇಕು. ಮೇಲಿನ ಮಿತಿ 3.50. ಒಂದೇ ವರ್ಷದಲ್ಲಿ ಎರಡು ತಪ್ಪಿನ ಅಪಘಾತ ಮಾಡಿದರೆ 1 ಇದ್ದದ್ದು 1.56 ಆಗುತ್ತದೆ.

ನನಗೆ ಇದರಲ್ಲಿ ಇಷ್ಟವಾದ ಎರಡು ಅಂಶ ಇದೆ. ಒಂದು, ಬೇರೆಯವರ ತಪ್ಪಿಗೆ ಏರುವುದಿಲ್ಲ. ಎರಡು, ಒಂದು ಅಪಘಾತಕ್ಕೆ ಪೂರ್ತಿ ರಿಯಾಯಿತಿ ಹೋಗುವುದಿಲ್ಲ. ಮೂರು ವರ್ಷ 0.50ರಲ್ಲೇ ಇದ್ದವರಿಗೆ ಮೊದಲ ತಪ್ಪು ಮಾಫಿ ಕೂಡ. ಕಂಪನಿ ಬದಲಿಸುವಾಗ ಟಿಕ್ ಹಾಕಿ ನಂಬಿಸುವ ಮಾತೇ ಇಲ್ಲ. ಹಳೇ ಕಂಪನಿ ನಮ್ಮ ದಾಖಲೆಯ ಪತ್ರ ಕೇಳಿದ 15 ದಿನದಲ್ಲಿ ಕೊಡಬೇಕು, ಹೊಸಬರು ಅದನ್ನೇ ನೋಡುತ್ತಾರೆ.

ಗ್ಯಾರೇಜ್ ಹುಡುಗ

ಮತ್ತೆ ಬಿಳಿಕಾರು ಅಕ್ಕನ ಬಂಪರ್‌ಗೆ ಬರೋಣ. ಅಕ್ಕ, ಗ್ಯಾರೇಜ್‌ನವರ ಎಸ್ಟಿಮೇಟ್ ಪೂರ್ತಿ ಮೊತ್ತ ನಿಮಗೆ ಬರುತ್ತದೆ ಎಂದು ಅಂದುಕೊಳ್ಳಬೇಡಿ. ಜೀರೋ ಡೆಪ್ (ಬಿಡಿಭಾಗ ಹಳೆಯದೆಂದು ಕಡಿತ ಮಾಡದ ಹೆಚ್ಚುವರಿ ರಕ್ಷಣೆ) ಇಲ್ಲದಿದ್ದರೆ ಪ್ಲಾಸ್ಟಿಕ್, ರಬ್ಬರ್ ಭಾಗಗಳಿಗೆ 50% ಕಡಿತ. ಫೈಬರ್ ಗ್ಲಾಸ್‌ಗೆ 30%. ಗಾಜಿಗೆ ಕಡಿತ ಇಲ್ಲ. ಬಂಪರ್, ಲ್ಯಾಂಪ್ ಎರಡೂ ಪ್ಲಾಸ್ಟಿಕ್ಕೇ. ಬಣ್ಣದ ಸಾಮಗ್ರಿಯಲ್ಲೂ ಸ್ವಲ್ಪ ಕಡಿಯುತ್ತಾರೆ. ಅದರ ಮೇಲೆ ಪ್ರತಿ ಕ್ಲೇಮ್‌ಗೂ ಕಡ್ಡಾಯ ಕಡಿತ ಬೇರೆ.

ಇನ್ನೊಂದು. ಯಾರಾದರೂ "ಹೇಗೂ ಕ್ಲೇಮ್ ಮಾಡುತ್ತೀರಿ, ಮುಂದಿನ ಬಾಗಿಲಿನ ಹಳೇ ಗೀರನ್ನೂ ಅದರಲ್ಲೇ ಸೇರಿಸೋಣ" ಎಂದರೆ ಬೇಡ ಎನ್ನಿ. ನಮ್ಮ ಅಪ್ಪನ ಗ್ಯಾರೇಜ್‌ನಲ್ಲಿ ಇದನ್ನು ಕೇಳುವವರು ತುಂಬಾ ಜನ. ಅಪ್ಪ ಒಪ್ಪುವುದಿಲ್ಲ.

ಹಳೇ ಸರ್ವೇಯರ್

ನಿಮ್ಮ ಅಪ್ಪನಿಗೆ ನನ್ನ ನಮಸ್ಕಾರ ಹೇಳಪ್ಪ. ಸರ್ವೇಯರ್ ಕಣ್ಣಿಗೆ ಇದು ತಪ್ಪುವುದಿಲ್ಲ. ಹೊಸ ಸೀಳಿನ ಅಂಚು ಬಿಳಿಯಾಗಿ ಚೂಪಾಗಿ ಇರುತ್ತದೆ, ಬೆರಳು ಆಡಿಸಿದರೆ ಚುಚ್ಚುತ್ತದೆ. ಹಳೇ ಸೀಳಿನ ಒಳಗೆ ಧೂಳು ಕೂತು ಕಪ್ಪಾಗಿರುತ್ತದೆ, ಎಷ್ಟು ತೊಳೆದರೂ ಪೂರ್ತಿ ಹೋಗದು. ತಗಡಿನ ಗೀರಾದರೆ ತುಕ್ಕಿನ ಗೆರೆ ಇರುತ್ತದೆ. ಮೇಡಂ ಬಂಪರ್‌ಗೆ ಮೆತ್ತಿರುವ ಹಳದಿ ಬಣ್ಣ ಇದೆಯಲ್ಲ, ಅದು ಕಂಬದ ಮೇಲೆ ನೆಲದಿಂದ ಎಷ್ಟು ಎತ್ತರದಲ್ಲಿ ಕೆತ್ತಿಹೋಗಿದೆಯೋ ಬಂಪರ್ ಮೇಲೂ ಅಷ್ಟೇ ಎತ್ತರದಲ್ಲಿ ಇರಬೇಕು. ನಾವು ಟೇಪ್ ಹಿಡಿದು ಅಳೆಯುತ್ತಿದ್ದೆವು. ಮುಂದಿನ ಬಾಗಿಲಿನ ಗೀರು ಹಿಂದಿನ ಕಂಬದಿಂದ ಆಗಲು ಸಾಧ್ಯವೇ ಇಲ್ಲ. ಎರಡು ಘಟನೆ ಎಂದರೆ ಎರಡು ಕ್ಲೇಮ್, ಎರಡು ಸಲ ಕಡಿತ. ನಿಜವಾದ ಕ್ಲೇಮ್‌ಗೆ ಸುಳ್ಳು ಸೇರಿಸಿದರೆ ನಿಜದ ಮೇಲೂ ಅನುಮಾನ ಬರುತ್ತದೆ.

ಇನ್ನು ಪ್ರೀಮಿಯಂ ಏರುತ್ತದೆ ಎಂದು ಜನ ಮುಚ್ಚಿಡುವ ಬೇರೆ ಸಂಗತಿಗಳೂ ಇವೆ. ಸಿಎನ್‌ಜಿ ಕಿಟ್ ಹಾಕಿಸಿ ಆರ್‌ಸಿಯಲ್ಲೂ ಪಾಲಿಸಿಯಲ್ಲೂ ಬರೆಸದೇ ಇರುವುದು. ಸ್ವಂತ ಬಳಕೆಯ ಗಾಡಿಯನ್ನು ಬಾಡಿಗೆಗೆ ಓಡಿಸುವುದು. ಕಿಟ್‌ಗೆ ಕಟ್ಟಬೇಕಾದ ಹೆಚ್ಚುವರಿ ಪ್ರೀಮಿಯಂ ದೊಡ್ಡದೇನಲ್ಲ, ಆದರೆ ಬೆಂಕಿ ಬಿದ್ದ ದಿನ ಮೊದಲು ಕೇಳುವ ಪ್ರಶ್ನೆ ಅದೇ.

ರಾತ್ರಿಪಾಳಿ

ಸರ್, ಸಣ್ಣ ಅಪಘಾತದಲ್ಲಿ ಎದುರಿನವರಿಗೆ ಕೈಗೆ ಕಾಸು ಕೊಟ್ಟು ಅಲ್ಲೇ ಮುಗಿಸುತ್ತಾರಲ್ಲ, ಅದು ಸರಿಯಾ? ಎನ್‌ಸಿಬಿ ಉಳಿಯುತ್ತದೆ ಎಂದು ನಮ್ಮ ಕಡೆ ಎಲ್ಲರೂ ಹಾಗೇ ಮಾಡುತ್ತಾರೆ.

ಹಳೇ ಸರ್ವೇಯರ್

ಬರೀ ಗಾಡಿಗೆ ಗೀರಾಗಿದ್ದರೆ ಮತ್ತು ಎರಡೂ ಕಡೆಯವರು ಕಾಗದದ ಮೇಲೆ ಬರೆದುಕೊಂಡರೆ ಹೆಚ್ಚಾಗಿ ಮುಗಿಯುತ್ತದೆ. ಮನುಷ್ಯರಿಗೆ ಒಂದು ಸಣ್ಣ ಪೆಟ್ಟಾಗಿದ್ದರೂ ಹಾಗೆ ಮಾಡಬೇಡಿ. ಅವತ್ತು "ಏನೂ ಆಗಿಲ್ಲ" ಎಂದವರಿಗೆ ಮೂರು ದಿನದ ನಂತರ ಸೊಂಟ ಎತ್ತಲು ಆಗದಿರಬಹುದು. ತಿಂಗಳುಗಳ ನಂತರ ನ್ಯಾಯಮಂಡಳಿಯಿಂದ ನೋಟೀಸ್ ಬರಬಹುದು. ಆಗ ಕಂಪನಿಗೆ ಹೋದರೆ, ಅಪಘಾತವಾದ ಕೂಡಲೇ ತಿಳಿಸಬೇಕು ಎಂಬ ಷರತ್ತು ಪಾಲಿಸಿಯಲ್ಲೇ ಇದೆ, ನೀವು ಯಾಕೆ ತಿಳಿಸಲಿಲ್ಲ ಎಂದು ಕೇಳುತ್ತಾರೆ. ಕಂಪನಿಗೆ ತಿಳಿಸುವುದು ಬೇರೆ, ಹಣ ಕೇಳುವುದು ಬೇರೆ. ತಿಳಿಸುವಾಗ "ಓನ್ ಡ್ಯಾಮೇಜ್ ಕ್ಲೇಮ್ ಮಾಡುತ್ತಿಲ್ಲ, ಮಾಹಿತಿಗಾಗಿ ಮಾತ್ರ" ಎಂದು ಬರೆದು ಕಳಿಸಿ.

ಷರತ್ತು ಮುರಿದ ಕೆಲವು ಕೇಸುಗಳಲ್ಲಿ, ಪೆಟ್ಟಾದವರಿಗೆ ಕಂಪನಿ ಮೊದಲು ಹಣ ಕೊಟ್ಟು ಆಮೇಲೆ ಗಾಡಿ ಮಾಲೀಕರಿಂದ ವಸೂಲಿ ಮಾಡಿಕೊಳ್ಳಲಿ ಎಂದು ಕೋರ್ಟ್ ಹೇಳುವುದಿದೆ. ಆ ಮೊತ್ತದ ಮುಂದೆ ಎನ್‌ಸಿಬಿ ಯಾವ ಲೆಕ್ಕ?

ಬಿಳಿಕಾರು ಮಾಲಕಿ

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ನಿನ್ನೆ ರಾತ್ರಿ ಊಟ ಆದ ಮೇಲೆ ಕೂತು ಲೆಕ್ಕ ಹಾಕಿದೆ. ಮೇಷ್ಟ್ರ ಹಾಗೇ, ರಿಯಾಯಿತಿಗೆ ಮೊದಲಿನ ಓಡಿ ಪ್ರೀಮಿಯಂ 100 ಎಂದು ಇಟ್ಟುಕೊಂಡೆ. ಆ ಅಳತೆಯಲ್ಲಿ ಬಂಪರ್ 60, ಲ್ಯಾಂಪ್ 30, ಕೂಲಿ ಮತ್ತು ಬಣ್ಣ 50. ಒಟ್ಟು 140. ನನಗೆ ಜೀರೋ ಡೆಪ್ ಇಲ್ಲ. ಬಂಪರ್‌ಗೆ 30, ಲ್ಯಾಂಪ್‌ಗೆ 15, ಕೂಲಿ ಮತ್ತು ಬಣ್ಣ 50 (ಬಣ್ಣದ ಸಣ್ಣ ಕಡಿತ ಹಿಡಿದಿಲ್ಲ), ಅದರಲ್ಲಿ ಕಡ್ಡಾಯ ಕಡಿತ 10 ಹೋದರೆ ಕಂಪನಿಯಿಂದ ಬರುವುದು 85. ಅದಕ್ಕಾಗಿ ಮುಂದೆ 125 ಕಳೆದುಕೊಳ್ಳಬೇಕು. ಕ್ಲೇಮ್ ಮಾಡಿದರೆ ಕೈಯಿಂದ 55 ಮತ್ತು ಮುಂದೆ 125, ಒಟ್ಟು 180. ಮಾಡದಿದ್ದರೆ 140, ಅಷ್ಟಕ್ಕೇ ಮುಗಿಯಿತು.

ಹಾಗಾಗಿ ಕ್ಲೇಮ್ ಮಾಡುತ್ತಿಲ್ಲ. ಏಜೆಂಟ್‌ಗೆ ಫೋನ್ ಮಾಡಿ ಆ ಟಿಕ್ ವಿಷಯ ಬೇಡ ಎಂದು ಹೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು "ನಿಮ್ಮಿಷ್ಟ ಮೇಡಂ" ಎಂದರು.

ಗ್ಯಾರೇಜ್ ಹುಡುಗ

ಸರಿಯಾದ ತೀರ್ಮಾನ ಅಕ್ಕ. ಜೀರೋ ಡೆಪ್ ಇದ್ದಿದ್ದರೆ ಬರುವುದು 130 ಆಗುತ್ತಿತ್ತು, ಆಗ ತಕ್ಕಡಿ ಸಮ. ಐಡಿವಿ ಇಳಿಯುವುದನ್ನೂ ಸೇರಿಸಿದರೆ ಕ್ಲೇಮ್ ಕಡೆಗೇ ಸ್ವಲ್ಪ ವಾಲುತ್ತಿತ್ತು. ಅದಕ್ಕೇ ಒಬ್ಬರ ಉತ್ತರ ಇನ್ನೊಬ್ಬರಿಗೆ ಆಗುವುದಿಲ್ಲ. ಬಂಪರ್ ಪೂರ್ತಿ ಬದಲಿಸುವ ಮೊದಲು ಪ್ಲಾಸ್ಟಿಕ್ ವೆಲ್ಡಿಂಗ್ ಆಗುತ್ತದಾ ಎಂದೂ ಕೇಳಿ. ಕ್ಲಿಪ್ ಕೂರುವ ಜಾಗ ಮುರಿಯದಿದ್ದರೆ ಒಂದು ಗೇಣಿನ ಸೀಳು ಚೆನ್ನಾಗಿ ಕೂಡುತ್ತದೆ, ಖರ್ಚು ಅರ್ಧಕ್ಕಿಂತ ಕಡಿಮೆ.

ಹಳೇ ಸರ್ವೇಯರ್

ರಿನ್ಯೂವಲ್ ಮರೆಯಬೇಡಿ ತಾಯಿ. ಪಾಲಿಸಿ ಮುಗಿದು 90 ದಿನ ದಾಟಿದರೆ ಕ್ಲೇಮ್ ಮಾಡದಿದ್ದರೂ ಎನ್‌ಸಿಬಿ ಹೋಗುತ್ತದೆ. ಮುಂದೆ ಕಾರು ಮಾರಿದರೆ ಎನ್‌ಸಿಬಿ ಕಾರಿನ ಜೊತೆ ಹೋಗಬಾರದು, ಅದು ನಿಮ್ಮದು. ಕಂಪನಿಯಿಂದ ಪತ್ರ ತೆಗೆದುಕೊಳ್ಳಿ, ಮೂರು ವರ್ಷದ ಒಳಗೆ ಹೊಸ ಕಾರಿಗೆ ಬಳಸಬಹುದು.

ನೊಂದ ಗ್ರಾಹಕ

ಸರ್ ಒಂದೇ ಪ್ರಶ್ನೆ. ಮುಂದಿನ ಗಾಜಿಗೆ ಕಲ್ಲು ಬಡಿದು ನಕ್ಷತ್ರದ ಹಾಗೆ ಬಿರುಕು ಬಿಟ್ಟಿದೆ. ಗಾಜಿಗೆ ಕಡಿತ ಇಲ್ಲ ಎಂದರಲ್ಲ, ಗಾಜು ಮಾತ್ರ ಆದರೆ ಎನ್‌ಸಿಬಿ ಹೋಗುವುದಿಲ್ಲವಾ?

ಹಳೇ ಸರ್ವೇಯರ್

ಹೋಗುತ್ತದೆ. ಎನ್‌ಸಿಬಿ ಉಳಿಸುವ ಆ್ಯಡ್ ಆನ್ (ಹೆಚ್ಚುವರಿ ರಕ್ಷಣೆ) ಇಲ್ಲದಿದ್ದರೆ ಗಾಜಿನ ಕ್ಲೇಮೂ ಕ್ಲೇಮೇ. ಬಿರುಕು ಒಂದು ನಾಣ್ಯದಷ್ಟು ಚಿಕ್ಕದಾಗಿದ್ದು, ಡ್ರೈವರ್ ಕಣ್ಣಿನ ನೇರಕ್ಕೆ ಇಲ್ಲದಿದ್ದರೆ ರೆಸಿನ್ ತುಂಬಿಸಿ ನಿಲ್ಲಿಸಬಹುದು, ಇವತ್ತೇ ತೋರಿಸಿ. ಬಿಸಿಲಿನಲ್ಲಿ ನಿಲ್ಲಿಸಿ ಒಳಗೆ ಎಸಿ ಜೋರಾಗಿ ಹಾಕಬೇಡಿ, ಗೆರೆ ಓಡುತ್ತದೆ. ಗಾಜು ಬದಲಿಸಲೇಬೇಕಾದರೆ ಮೇಷ್ಟ್ರ ಲೆಕ್ಕ ಮೇಲೆ ಇದೆ, ನಿಮ್ಮ ಎನ್‌ಸಿಬಿ ಎಷ್ಟು ಎಂದು ಹೇಳಿ, ಕೂತು ನೋಡೋಣ.